ಮಾಡದ ತಪ್ಪಿಗೆ ಜೈಲು: ಬಿಡಿಸೋರು ಯಾರು?

ನಮ್ಮ ಹೊಸರಿತ್ತಿಯಲ್ಲಿ ಏಪ್ರಿಲ್ ಒಂದು ಅಂದರೆ ಯಾರನ್ನೋ ಫೂಲ್ ಮಾಡೋ ದಿನ ಅಲ್ಲ. 1943ರ ಏಪ್ರಿಲ್ 1ರಂದು ಇಲ್ಲಿನ ವೀರಭದ್ರ ದೇವಸ್ಥಾನದಲ್ಲಿದ್ದ ಕಂದಾಯ ವಸೂಲಿ ಕೇಂದ್ರದ ಮೇಲೆ ದಾಳಿ ಮಾಡಲು ಹೋಗಿ, ಪೊಲೀಸರ ಗುಂಡಿಗೆ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಿದ್ದರು. ಮಹದೇವಪ್ಪ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು, 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. ಈ ಕಥೆ ನಮ್ಮ ಕಡೆ ಹುಡುಗರಿಗೆಲ್ಲ ಬಾಯಿಪಾಠ. ಹಾಗಾಗಿ ಅದನ್ನೇ ಮತ್ತೆ ಬರೆಯೋದಿಲ್ಲ, ಹೆದರಬೇಡಿ :-)

2025ರ ಏಪ್ರಿಲ್ ಮೊದಲ ವಾರ ಊರಲ್ಲಿದ್ದೆ. ಕಟ್ಟೆ ಮೇಲೆ ಪೇಪರ್ ಓದ್ತಾ ಕೂತಿದ್ದ ದೊಡ್ಡಪ್ಪ ಒಮ್ಮೆಲೇ ಕರೆದರು. "ಅಲ್ಲೋ ತಮ್ಮಾ, ಇಲ್ಲಿ ನೋಡಿಲ್ಲಿ. ಸತ್ತಾಳ ಅಂದಾಕಿ ಹೊಟೇಲ್ನ್ಯಾಗ ಊಟಾ ಮಾಡಾಕತ್ತಿದ್ಲಂತ!"

ನೀವೂ ಓದಿರ್ತೀರಿ. ಕುಶಾಲನಗರ ಕಡೆಯ ಒಬ್ಬ ಬಡ ಕೂಲಿಯವ. ಹೆಂಡತಿ ಕಾಣೆಯಾಗಿದ್ದಾಳೆ ಅಂತ ತಾನೇ ಪೊಲೀಸರಿಗೆ ದೂರು ಕೊಟ್ಟಿದ್ದ. ಮುಂದೆ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಇದು ಅವಳದೇ, ಕೊಂದವನು ಇವನೇ ಅಂತ ಕೇಸಾಯಿತು. ಒಂದು ವರ್ಷಕ್ಕೂ ಮೇಲೆ ಜೈಲು. ಏಪ್ರಿಲ್ 1ರಂದು ಆಕೆ ಮಡಿಕೇರಿಯ ಹೊಟೇಲೊಂದರಲ್ಲಿ ಅವನ ಗೆಳೆಯರ ಕಣ್ಣಿಗೆ ಬಿದ್ದಳು. ಅದೇ ತಿಂಗಳು ಮೈಸೂರಿನ ಕೋರ್ಟ್ ಅವನನ್ನು ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಹೇಳಿತು.

ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಆ ಮೂಳೆಗಳ ಡಿಎನ್‌ಎ ಹೆಂಡತಿಯ ತಾಯಿಯ ರಕ್ತದ ಜೊತೆ ಹೊಂದಿರಲಿಲ್ಲ. ಅಂದರೆ ಉತ್ತರ ಫೈಲಿನಲ್ಲೇ ಕೂತಿತ್ತು! ಆದರೂ ಕೇಸು ನಡೆಯುತ್ತಲೇ ಹೋಯಿತು. ನಮ್ಮ ಕೆಲಸದಲ್ಲಿ ಟೆಸ್ಟ್ ಫೇಲ್ ಆದರೆ ರಿಲೀಸ್ ನಿಲ್ಲುತ್ತೆ. ಇಲ್ಲಿ ಟೆಸ್ಟ್ ಫೇಲ್ ಆದರೂ ಮನುಷ್ಯ ಕಟಕಟೆಯಲ್ಲೇ ನಿಂತಿದ್ದ.

ದೊಡ್ಡಪ್ಪ ಕೇಳಿದರು, "ಆಕಿ ಅವತ್ತು ಆ ಹೊಟೇಲಿಗೆ ಹೋಗದಿದ್ರ ಇವನ್ನ ಬಿಡಿಸವ್ರು ಯಾರೋ?" ಉತ್ತರ ಗೊತ್ತಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹುಡುಕುತ್ತಾ ಕೂತೆ. ಅದರ ಫಲವೇ ಈ ಬರಹ.

ಈ ಕೆಲಸವನ್ನೇ ಹೊತ್ತುಕೊಂಡ ಸಂಸ್ಥೆಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಇನೊಸೆನ್ಸ್ ಪ್ರಾಜೆಕ್ಟ್. 1992ರಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ಇಬ್ಬರು ವಕೀಲರು ನ್ಯೂಯಾರ್ಕಿನ ಕಾರ್ಡೋಜೊ ಲಾ ಕಾಲೇಜಿನಲ್ಲಿ ಶುರು ಮಾಡಿದ್ದು. ಕೈದಿಗಳು ಕಾಗದ ಬರೀತಾರೆ, ಕಾನೂನು ವಿದ್ಯಾರ್ಥಿಗಳು ಓದ್ತಾರೆ, ಹಳೇ ಸಾಕ್ಷ್ಯದ ಡಬ್ಬಿ ಎಲ್ಲಿದೆ ಅಂತ ಹುಡುಕ್ತಾರೆ, ಡಿಎನ್‌ಎ ಪರೀಕ್ಷೆಗೆ ಕೋರ್ಟಿನಲ್ಲಿ ಹೋರಾಡ್ತಾರೆ. ಡಿಎನ್‌ಎಯಿಂದ ನಿರ್ದೋಷಿ ಅಂತ ಸಾಬೀತಾದವರ ಸಂಖ್ಯೆ ಅಮೆರಿಕದಲ್ಲಿ 2020ರ ಹೊತ್ತಿಗೆ 375 ದಾಟಿತ್ತು. ಅವರಲ್ಲಿ ಸುಮಾರು ಶೇ. 69 ಕೇಸುಗಳಲ್ಲಿ ಕಣ್ಣಾರೆ ಕಂಡ ಸಾಕ್ಷಿಯೇ ತಪ್ಪು ಗುರುತಿಸಿದ್ದರು. ಶೇ. 29ರಷ್ಟು ಕೇಸುಗಳಲ್ಲಿ ಸುಳ್ಳು ತಪ್ಪೊಪ್ಪಿಗೆ ಇತ್ತು. "ಮಾಡದಿದ್ರೆ ಯಾಕೆ ಒಪ್ಕೋತಾನೆ?" ಅಂತ ನಾವು ಎಷ್ಟು ಸುಲಭವಾಗಿ ಕೇಳ್ತೀವಿ! ಇಂಗ್ಲೆಂಡಿನ ಲೆಸ್ಟರ್ ಬಳಿ 1986ರಲ್ಲಿ, ಕೊಲೆ ಕೇಸಿನಲ್ಲಿ ಅಲೆಕ್ ಜೆಫ್ರೀಸ್ ಅವರ ಡಿಎನ್‌ಎ ಪರೀಕ್ಷೆ ಮೊದಲು ಮಾಡಿದ್ದು ಅಪರಾಧಿಯನ್ನು ಹಿಡಿಯುವ ಕೆಲಸವನ್ನಲ್ಲ. ತಪ್ಪೊಪ್ಪಿಕೊಂಡಿದ್ದ 17 ವರ್ಷದ ಹುಡುಗ ನಿರಪರಾಧಿ ಅಂತ ತೋರಿಸಿದ್ದು. ನಿಜವಾದ ಕೊಲೆಗಾರ ಸಿಕ್ಕಿದ್ದು ಅದಾದ ಮೇಲೆ.

ನಮ್ಮಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿ ಆಗಲ್ಲ ಅನ್ನೋದು ಬ್ರಿಟಿಷರ ಕಾಲದಿಂದ ಬಂದ ನಿಯಮ. ಟಾಡಾ ಕಾಯ್ದೆ ಅದಕ್ಕೆ ದೊಡ್ಡ ತೂತು ಕೊರೆಯಿತು. ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುತ್ತೆ ಅಂತ ಅದರ 15ನೇ ಸೆಕ್ಷನ್ ಹೇಳಿತು. ಈ ತೂತಿನೊಳಗೆ ಬಿದ್ದವರಲ್ಲಿ ನಮ್ಮ ಕರ್ನಾಟಕದವರೂ ಇದ್ದಾರೆ.

ಒಬ್ಬ ಗುಲ್ಬರ್ಗದ ಫಾರ್ಮಸಿ ವಿದ್ಯಾರ್ಥಿ (ಹೆಸರು ಪತ್ರಿಕೆಗಳಲ್ಲಿ ಬಂದಿದೆ, ನಾನು ಮತ್ತೆ ಬರೆಯಲ್ಲ, ಸಾಕಷ್ಟು ಅನುಭವಿಸಿದ್ದಾರೆ). 1994ರ ಜನವರಿ 15ರಂದು ಹೈದರಾಬಾದಿನ ಪೊಲೀಸರು ಹಿಡಿದುಕೊಂಡು ಹೋದರು. ಇನ್ನೇನು ಪರೀಕ್ಷೆ ಇತ್ತು. ಕೆಲವು ತಿಂಗಳಲ್ಲಿ ಅಣ್ಣನನ್ನೂ ಹಿಡಿದರು. 1993ರ ಡಿಸೆಂಬರಿನ ರೈಲು ಸ್ಫೋಟಗಳ ಕೇಸಿನಲ್ಲಿ ಅಜ್ಮೀರದ ಟಾಡಾ ಕೋರ್ಟ್ ಜೀವಾವಧಿ ಕೊಟ್ಟಿತು. ಮುಖ್ಯ ಆಧಾರ ಕಸ್ಟಡಿಯಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆ. ಅದು ನಿಲ್ಲೋದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2016ರ ಮೇ 11ಕ್ಕೆ. ಜೈಪುರ ಜೈಲಿನಿಂದ ಹೊರಬಂದಾಗ ಇಪ್ಪತ್ತೆರಡು ವರ್ಷ ದಾಟಿತ್ತು. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರು, ಅಣ್ಣ ಕ್ಯಾನ್ಸರ್ ಆಗಿ ಜಾಮೀನಿನ ಮೇಲೆ ಹೊರಗಿದ್ದರು. ಇವರ ಪರ ವರ್ಷಗಟ್ಟಲೆ ಓಡಾಡಿದ್ದು ಮನೆಯವರೇ.

ಇನ್ನೊಂದು ಮೈಸೂರಿನದು. ಇದರ ಬಗ್ಗೆ ನಮ್ಮ ತಲೆಮಾರಿನವರಿಗೆ ಬಹಳ ಕಡಿಮೆ ಗೊತ್ತು ಅನ್ನಿಸಿ ಸ್ವಲ್ಪ ವಿವರವಾಗಿ ಬರೀತೀನಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ಗುಂಪು ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಆಮೇಲೆ ಮಲೆಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ವೀರಪ್ಪನ್‌ಗೆ ಅಕ್ಕಿ ಕೊಟ್ಟಿರಿ, ಸುದ್ದಿ ಕೊಟ್ಟಿರಿ ಅಂತ ಜನರನ್ನು ಎಳೆದುಕೊಂಡು ಹೋಗಲಾಯಿತು. ಹೆಂಗಸರೂ ಇದ್ದರು. ನೂರಿಪ್ಪತ್ತಕ್ಕೂ ಹೆಚ್ಚು ಜನ ಟಾಡಾ ಕೆಳಗೆ ಮೈಸೂರು ಜೈಲು ಸೇರಿದರು. 1995ರ ಮೇನಲ್ಲಿ ಟಾಡಾ ಕಾಯ್ದೆಯೇ ಮುಗಿದುಹೋಯಿತು, ಇವರ ಜೈಲು ಮುಗಿಯಲಿಲ್ಲ. ಹಳೇ ಕೇಸುಗಳಿಗೆ ಹಳೇ ಕಾಯ್ದೆ!

ಇವರ ಸುದ್ದಿ ನಾಡಿಗೆಲ್ಲ ಗೊತ್ತಾಗಿದ್ದು ಅಣ್ಣಾವ್ರ ಅಪಹರಣದಿಂದ. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದ ವೀರಪ್ಪನ್, ಮೈಸೂರಿನ ಟಾಡಾ ಕೈದಿಗಳನ್ನು ಬಿಡಿ ಅಂದ. ಸರ್ಕಾರ ಟಾಡಾ ಆರೋಪ ಕೈಬಿಡಲು ಹೊರಟಿತು. ಆಗ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ, 1992ರಲ್ಲಿ ವೀರಪ್ಪನ್ ಗುಂಪಿಗೆ ಬಲಿಯಾದ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. ನವೆಂಬರಿನಲ್ಲಿ ಕೋರ್ಟ್ ಸರ್ಕಾರದ ನಡೆಯನ್ನು ತಳ್ಳಿಹಾಕಿತು. ಮಗನನ್ನು ಕಳಕೊಂಡ ಆ ತಂದೆಯ ಸಿಟ್ಟನ್ನು ತಪ್ಪು ಅನ್ನಲು ನನಗೆ ಬಾಯಿ ಬರಲ್ಲ. ಕಾಡುಗಳ್ಳನ ಬೆದರಿಕೆಗೆ ಬಗ್ಗಿ ಯಾರನ್ನೂ ಬಿಡಬಾರದು ಅನ್ನೋದೂ ಸರಿಯೇ. ಆದರೆ ವಿಚಾರಣೆ ಮುಗಿದು 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ಕೋರ್ಟ್ ತೀರ್ಪು ಕೊಟ್ಟಾಗ ಆಗಿದ್ದೇನು? ನೂರಕ್ಕೂ ಹೆಚ್ಚು ಜನ ಖುಲಾಸೆ! ಬಹಳ ಜನ ಏಳೆಂಟು ವರ್ಷ ಒಳಗೇ ಕಳೆದಿದ್ದರು. (ಶಿಕ್ಷೆಯಾದ ಕೆಲವರಲ್ಲಿ ನಾಲ್ವರ ಜೀವಾವಧಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಗಲ್ಲಿಗೇರಿಸಿತು, 2014ರಲ್ಲಿ ಕ್ಷಮಾದಾನ ತಡವಾಯಿತೆಂದು ಮತ್ತೆ ಜೀವಾವಧಿ ಮಾಡಿತು. ಅದು ಬೇರೆ ಕಥೆ.)

ಈ ಜನರ ಜೊತೆ ನಿಂತಿದ್ದು ಕರ್ನಾಟಕ, ತಮಿಳುನಾಡುಗಳ ಮಾನವ ಹಕ್ಕು ಸಂಘಟನೆಗಳು. ಹಳ್ಳಿಯಿಂದ ಹಳ್ಳಿಗೆ ಹೋಗಿ ಹೇಳಿಕೆ ಬರೆದುಕೊಂಡು ದೂರು ಕೊಟ್ಟವರು ಅವರು. ರಾಷ್ಟ್ರೀಯ ಮಾನವ ಹಕ್ಕು ಆಯೋಗ ನ್ಯಾ. ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಬೆಟ್ಟದ ಮೇಲೆ 'ವರ್ಕ್‌ಶಾಪ್' ಅಂತ ಕರೆಯುತ್ತಿದ್ದ ಜಾಗದಲ್ಲಿ ತಮಗೆ ಏನು ಮಾಡಿದರು ಅಂತ ಜನ ಬಂದು ಸಮಿತಿ ಮುಂದೆ ಹೇಳಿದರು. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ತಲೆಗೆ ಸರಾಸರಿ ಮೂರು ಲಕ್ಷ ಚಿಲ್ಲರೆ.

ಅಮೆರಿಕದ ಮಾದರಿಯ ಪ್ರಯತ್ನ ಭಾರತದಲ್ಲಿ ತಡವಾಗಿ ಬಂತು. ಇನೊಸೆನ್ಸ್ ನೆಟ್‌ವರ್ಕ್ ಇಂಡಿಯಾ 2016ರ ಅಕ್ಟೋಬರ್ 2ರಂದು ದೆಹಲಿಯಲ್ಲಿ ಒಂದು ಜನತಾ ನ್ಯಾಯಮಂಡಳಿ ನಡೆಸಿ, ಖುಲಾಸೆಯಾದವರ ಬಾಯಿಂದಲೇ ಕಥೆ ಕೇಳಿಸಿತು. ಅಧ್ಯಕ್ಷತೆ ನ್ಯಾ. ಎ.ಪಿ. ಶಾ ಅವರದು. ದೆಹಲಿ ಹೈಕೋರ್ಟ್ 2017ರಲ್ಲಿ ಈ ವಿಷಯ ನೋಡಿ ಅಂತ ಕಾನೂನು ಆಯೋಗಕ್ಕೆ ಹೇಳಿತು. 2018ರ ಆಗಸ್ಟಿನಲ್ಲಿ ಆಯೋಗದ 277ನೇ ವರದಿ ಬಂತು. ತಪ್ಪು ಮೊಕದ್ದಮೆಗೆ ಸಿಕ್ಕವರಿಗೆ ಪರಿಹಾರ ಕೊಡಲು ಕಾನೂನು ಮಾಡಿ, ಅದಕ್ಕೇ ವಿಶೇಷ ಕೋರ್ಟ್ ಇರಲಿ ಅಂತ.

ಕಾನೂನು ಆಗಿಲ್ಲ. ಕಾರಣವಿಲ್ಲದೆ ಯಾರನ್ನಾದರೂ ಬಂಧಿಸುವಂತೆ ಮಾಡಿದವರಿಂದ ಪರಿಹಾರ ಕೊಡಿಸುವ ಒಂದು ಸೆಕ್ಷನ್ ಹಳೇ ಸಿಆರ್‌ಪಿಸಿಯಲ್ಲಿತ್ತು, 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲೂ ಇದೆ. ಹೆಚ್ಚೆಂದರೆ ಎಷ್ಟು ಗೊತ್ತಾ? 1000 ರೂಪಾಯಿ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. "ಹಾವೇರಿ ಕೋರ್ಟಿಗೆ ಹತ್ ಸಲ ಓಡಾಡಿದ್ರ ಬಸ್ ಚಾರ್ಜಿಗೂ ಸಾಲಂಗಿಲ್ಲಲ್ಲೋ" ಅಂದರು.

ಕೊಳ್ಳೇಗಾಲ, ಹನೂರು ಕಡೆಯ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಮೈಸೂರು ಜೈಲಿನಿಂದ ಬಂದವರ ಬಗ್ಗೆ ನಿಮ್ಮ ಮನೆ ಹಿರಿಯರು ಹೇಳಿದ್ದೇನಾದರೂ ನೆನಪಿದ್ದರೆ ದಯವಿಟ್ಟು ಬರೆಯಿರಿ. ಊರು, ಹೆಸರು ಬೇಡ.