ಮನೆಯ ಹವಳ ತೊಟ್ಟಿಯಲ್ಲಿ ನೈಟ್ರೇಟ್: ಒಂದು ಜಮಾ-ಖರ್ಚಿನ ವಿಶ್ಲೇಷಣೆ

ಸಾರಾಂಶ

ಮನೆಯ ಹವಳ ತೊಟ್ಟಿಯಲ್ಲಿ ನೈಟ್ರೇಟ್ ಏರಿದಾಗ ನೀರು ಬದಲಿಸುವುದು ವಾಡಿಕೆ. ಆಹಾರದ ಮೂಲಕ ಒಳಬರುವ ಸಾರಜನಕದ ಲೆಕ್ಕ ಹಾಕಿದರೆ ಈ ಪರಿಹಾರಕ್ಕೆ ದಾಟಲಾಗದ ಮಿತಿಯೊಂದು ಇದೆ ಎಂಬುದನ್ನು ಈ ಲೇಖನ ತೋರಿಸುತ್ತದೆ. ನೈಟ್ರೇಟನ್ನು ಹೊರಹಾಕುವ ವಿಧಾನಗಳಲ್ಲಿ ಎರಡು ಬಗೆ: ಸಾರಜನಕವನ್ನಷ್ಟೇ ಕಳೆಯುವವು, ಅದರ ಜೊತೆಗೆ ರಂಜಕವನ್ನೂ ಕಳೆಯುವವು. ಇವುಗಳಲ್ಲಿ ಯಾವುದು ತಕ್ಕದ್ದೆಂಬುದನ್ನು ತೊಟ್ಟಿಯ ಫಾಸ್ಫೇಟ್ ಮಟ್ಟ ನೋಡಿಯೇ ತೀರ್ಮಾನಿಸಬೇಕು ಎಂಬುದು ಇಲ್ಲಿನ ಪ್ರತಿಪಾದನೆ.

ಪ್ರಮುಖ ಪದಗಳು: ಹವಳ, ನೈಟ್ರೇಟ್, ಫಾಸ್ಫೇಟ್, ಡಿನೈಟ್ರಿಫಿಕೇಶನ್, ರೆಡ್‌ಫೀಲ್ಡ್ ಅನುಪಾತ

1. ಪೀಠಿಕೆ

"ಇಷ್ಟೊಂದು ನೀರು ಬದಲಿಸಿದರೂ ನೈಟ್ರೇಟ್ ಯಾಕೆ ಇಳಿಯುತ್ತಿಲ್ಲ?" ಮನೆಯಲ್ಲಿ ಸಮುದ್ರದ ತೊಟ್ಟಿ ಇಟ್ಟವರಿಂದ ನಾನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಹವಳದ ದಿಬ್ಬಗಳ ಮೇಲಿನ ನೀರಿನಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಲೀಟರಿಗೆ 0.1 ಮಿ.ಗ್ರಾಂ.ಗಿಂತ ಕಡಿಮೆ. ಮನೆಯ ತೊಟ್ಟಿಯಲ್ಲಿ ಅದು 20, 50 ಮಿ.ಗ್ರಾಂ. ತಲುಪುವುದು ಅಪರೂಪವಲ್ಲ. ಹಾಗೆಂದು ಸಮುದ್ರದ ಅಂಕಿಯನ್ನೇ ಮನೆಯಲ್ಲೂ ಸಾಧಿಸಬೇಕೆಂದು ಹೊರಡುವುದು ತಪ್ಪು. ದಿಬ್ಬದ ಮೇಲೆ ಹಗಲೂ ರಾತ್ರಿ ಅಪಾರ ನೀರು ಹರಿದು ಹೋಗುತ್ತದೆ. ಅದರಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳು ಹವಳಕ್ಕೆ ಆಹಾರ. ಆ ಹರಿವು ಗಾಜಿನ ಗೋಡೆಗಳ ನಡುವೆ ಇಲ್ಲ. ಆದ್ದರಿಂದಲೇ ಅನುಭವಸ್ಥರು ಲೀಟರಿಗೆ ಸುಮಾರು 2ರಿಂದ 10 ಮಿ.ಗ್ರಾಂ. ನೈಟ್ರೇಟ್ ಉಳಿಸಿಕೊಳ್ಳುತ್ತಾರೆ.

2. ನೈಟ್ರೇಟ್ ಹುಟ್ಟುವ ಬಗೆ

ಮೀನು ತಿಂದ ಪ್ರೋಟೀನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಬರುತ್ತದೆ. ಕಲ್ಲು, ಮರಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲ ಹಂತದ ಕೆಲಸ ಬ್ಯಾಕ್ಟೀರಿಯಾಗಳದ್ದು ಮಾತ್ರ ಎಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂಬ ಆರ್ಕಿಯಾ ಜೀವಿಯೂ ಈ ಕೆಲಸ ಮಾಡುತ್ತದೆಂದು ಪ್ರಕಟವಾಯಿತು. ಅದು ಸಿಕ್ಕಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಸಮುದ್ರ ತೊಟ್ಟಿಯೊಂದರ ಜಲ್ಲಿಯಲ್ಲಿ. ಇದೇ ಗುಂಪಿನ ಜೀವಿಗಳು ಸಾಗರದಲ್ಲೆಲ್ಲ ಹೇರಳವಾಗಿವೆ ಎಂಬುದು ಈಗ ತಿಳಿದಿದೆ. ಸಾಗರದ ಇಷ್ಟು ದೊಡ್ಡ ಸಂಗತಿಯೊಂದು ತೊಟ್ಟಿಯ ತಳದಲ್ಲಿ ಕಾಣಿಸಿತೆಂಬುದು ತೊಟ್ಟಿ ಸಾಕುವ ಎಲ್ಲರೂ ನೆನಪಿಡಬೇಕಾದ ಮಾತು.

ಈ ಸರಪಣಿ ಆಮ್ಲಜನಕ ಇರುವಲ್ಲಿ ನೈಟ್ರೇಟಿಗೆ ಬಂದು ನಿಲ್ಲುತ್ತದೆ. 1980ರ ದಶಕದಲ್ಲಿ ಜನಪ್ರಿಯವಾದ, ಗಾಳಿಯಾಡುವ ಪ್ಲಾಸ್ಟಿಕ್ ಚೆಂಡುಗಳ ಮೇಲೆ ನೀರು ಸುರಿಯುವ ಫಿಲ್ಟರುಗಳು ಅಮೋನಿಯವನ್ನು ಚೆನ್ನಾಗಿಯೇ ನಿಭಾಯಿಸಿದವು. ನೈಟ್ರೇಟನ್ನು ಮಾತ್ರ ಕೂಡಿಡುತ್ತಾ ಹೋದವು.

3. ಜಮೆಯ ಲೆಕ್ಕ

ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಸಾರಜನಕ. ಶೇ. 45 ಪ್ರೋಟೀನು ಇರುವ ಒಣ ಆಹಾರ ದಿನಕ್ಕೆ ಒಂದು ಗ್ರಾಂ ಹಾಕಿದರೆ 72 ಮಿ.ಗ್ರಾಂ. ಸಾರಜನಕ ನೀರಿಗೆ ಬಂತು. ಅದೆಲ್ಲ ನೈಟ್ರೇಟ್ ಆದರೆ, ಸಾರಜನಕದ ತೂಕವನ್ನು ನೈಟ್ರೇಟಿನ ತೂಕಕ್ಕೆ ತಿರುಗಿಸಲು 4.43ರಿಂದ ಗುಣಿಸಿ, ಸುಮಾರು 319 ಮಿ.ಗ್ರಾಂ. 200 ಲೀಟರಿನ ತೊಟ್ಟಿಯಲ್ಲಿ ಇದು ದಿನಕ್ಕೆ ಲೀಟರಿಗೆ 1.6 ಮಿ.ಗ್ರಾಂ., ವಾರಕ್ಕೆ 11 ಮಿ.ಗ್ರಾಂ. ಏರಿಕೆ. ಬೆಳೆಯುವ ಮೀನು ಒಂದಿಷ್ಟು ಸಾರಜನಕವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಇದು ಮೇಲ್ಮಿತಿ. ಬೆಳವಣಿಗೆ ನಿಂತ ಮೀನಿನ ಮಟ್ಟಿಗೆ ಇದೇ ಹೆಚ್ಚುಕಡಿಮೆ ನಿಜ.

ಇನ್ನೊಂದು ಜಮೆ ಕಣ್ಣಿಗೆ ಬೀಳುವುದೇ ಇಲ್ಲ: ಆವಿಯಾದ ನೀರಿಗೆ ಬದಲಾಗಿ ನಾವು ತುಂಬುವ ನೀರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 45 ಮಿ.ಗ್ರಾಂ.ವರೆಗೆ ನೈಟ್ರೇಟ್ ಒಪ್ಪುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಹತ್ತಿರಹತ್ತಿರ ಅರ್ಧದಷ್ಟು ಮಾದರಿಗಳು ಈ ಮಿತಿಯನ್ನು ಮೀರಿವೆ. ಮಿತಿಯೊಳಗಿನ ಬೋರ್‌ವೆಲ್ ನೀರನ್ನೇ ದಿನಕ್ಕೆ ಎರಡು ಲೀಟರಿನಂತೆ ತುಂಬಿದರೂ ನಮ್ಮ 200 ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ 3 ಮಿ.ಗ್ರಾಂ. ಏರಬಹುದು: ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿಯುತ್ತದೆ. ಆರ್‌ಓ ಪೊರೆಯೊಂದೇ ಇದನ್ನು ಪೂರ್ತಿ ತಡೆಯದು. ಅದರ ನಂತರ ಅಯಾನುಗಳನ್ನು ಹೀರುವ ಡಿಐ ರೆಸಿನ್ ಹಂತವೂ ಬೇಕು.

4. ನೀರು ಬದಲಾವಣೆಯ ಮಿತಿ

ವಾರಕ್ಕೆ ಏರುವ ಪ್ರಮಾಣವನ್ನು ಬದಲಿಸುವ ನೀರಿನ ಪಾಲಿನಿಂದ ಭಾಗಿಸಿದರೆ, ಕಾಲಕ್ರಮದಲ್ಲಿ ತೊಟ್ಟಿ ಮುಟ್ಟಿ ನಿಲ್ಲುವ ಮಟ್ಟ ಸಿಗುತ್ತದೆ. ವಾರಕ್ಕೆ 2 ಮಿ.ಗ್ರಾಂ. ಏರುವ ತೊಟ್ಟಿಯಲ್ಲಿ ಶೇ. 10 ನೀರು ಬದಲಿಸುತ್ತಿದ್ದರೆ, ಪ್ರತಿ ಬದಲಾವಣೆಗೆ ಮುಂಚೆ ನೈಟ್ರೇಟ್ 20 ಇರುತ್ತದೆ, ಶೇ. 20 ಬದಲಿಸಿದರೆ 10. ವಾರಕ್ಕೆ 11 ಏರುವ ತೊಟ್ಟಿಯಲ್ಲಿ ಶೇ. 20ರ ಬದಲಾವಣೆಯಿಂದ ಅದು 55ಕ್ಕೆ ಹೋಗಿ ನಿಲ್ಲುತ್ತದೆ. ಅದನ್ನು 10ಕ್ಕೆ ಹಿಡಿದಿಡಲು ವಾರವಾರವೂ ತೊಟ್ಟಿಯ ಇಡೀ ನೀರಿಗಿಂತ ಹೆಚ್ಚು ಬದಲಿಸಬೇಕು. ಪೀಠಿಕೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ನೀರು ಬದಲಾಯಿಸುವುದು ಏರಿದ್ದನ್ನು ಒಮ್ಮೆ ಇಳಿಸಲು ಒಳ್ಳೆಯ ಉಪಾಯ. ನಿತ್ಯದ ಜಮೆಗೆ ನಿತ್ಯದ ಖರ್ಚಿನ ದಾರಿಯೇ ಬೇಕು.

5. ಖರ್ಚಿನ ಎರಡು ದಾರಿಗಳು

ಮೊದಲನೆಯದು ಡಿನೈಟ್ರಿಫಿಕೇಶನ್. ಆಮ್ಲಜನಕ ಸಿಗದ ಜಾಗದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಟಕ್ಕೆ ಬಳಸಿಕೊಂಡು, ಕೊನೆಗೆ ಸಾರಜನಕ ಅನಿಲವನ್ನು ಗಾಳಿಗೆ ಬಿಡುತ್ತವೆ. ಜಕಾರ್ತದ ಲೀ ಚಿನ್ ಎಂಗ್ ಸಮುದ್ರದಿಂದ ತಂದ ಜೀವಂತ ಕಲ್ಲುಗಳನ್ನಿಟ್ಟು ಗಾಳಿಗುಳ್ಳೆಗಳಷ್ಟರಿಂದಲೇ ತೊಟ್ಟಿ ನಡೆಸಿದ ಬಗೆಯನ್ನು 1961ರಲ್ಲಿ ಬರೆದರು; ಇಂಥ ಕಲ್ಲುಗಳ ಒಳಪದರಗಳಲ್ಲಿ ಈ ಕ್ರಿಯೆಗೆ ಎಡೆಯಿರುತ್ತದೆ. ಮೊನಾಕೊದಲ್ಲಿ ಜ್ಯಾಂ ಜೋಬೆರ್ ಮರಳಿನ ತಳದಲ್ಲಿ ತೂತುಹಲಗೆಯಿಟ್ಟು, ಅದರಡಿ ನಿಶ್ಚಲ ನೀರಿನ ಪದರ ಉಳಿಸಿ ಇದೇ ತತ್ತ್ವವನ್ನು ವ್ಯವಸ್ಥೆಗೊಳಿಸಿದರು. ಗಂಧಕದ ಹರಳುಗಳ ಮೇಲೆ ನೀರನ್ನು ನಿಧಾನವಾಗಿ ಹರಿಸುವ ರಿಯಾಕ್ಟರ್ ಮತ್ತೊಂದು ರೂಪ. ಅದು ಕ್ಷಾರೀಯತೆಯನ್ನು ಇಳಿಸುವುದರಿಂದ ಬೇರೆಯದೇ ನಿಗಾ ಬೇಕು. ಈ ಬಗೆಯ ವಿಧಾನಗಳೆಲ್ಲ ಕಳೆಯುವುದು ಸಾರಜನಕವನ್ನು ಮಾತ್ರ.

ಎರಡನೆಯದು ಬೆಳೆದು ಕೊಯ್ಯುವ ದಾರಿ. ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಜಾಲರಿಯ ಮೇಲೆ ಪಾಚಿ ಬೆಳೆಸಿ ಕೆರೆದು ತೆಗೆಯುವ ಕ್ರಮ ರೂಪಿಸಿದರು. ಮನೆಗಳಲ್ಲಿ ರೆಫ್ಯೂಜಿಯಂ ಎಂಬ ಜೋಡುತೊಟ್ಟಿಯಲ್ಲಿ ಕೀಟೊಮಾರ್ಫಾ ಪಾಚಿ ಬೆಳೆಸಿ ವಾರಕ್ಕೊಮ್ಮೆ ಹಿಡಿಯಷ್ಟು ಹಿಂಡಿ ಹೊರಹಾಕುವುದು ರೂಢಿ. ಎಥನಾಲ್ ಅಥವಾ ವಿನಿಗರ್ ಹನಿಸುವ ಕ್ರಮವೂ ಮುಖ್ಯವಾಗಿ ಇದೇ ಗುಂಪಿನದು: ಇಂಗಾಲ ಸಿಕ್ಕ ಬ್ಯಾಕ್ಟೀರಿಯಾಗಳು ನೀರಿನ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರಿ ಬೆಳೆಯುತ್ತವೆ, ಪ್ರೋಟೀನ್ ಸ್ಕಿಮ್ಮರ್ ಅವುಗಳಲ್ಲಿ ಒಂದು ಪಾಲನ್ನು ನೊರೆಯ ಜೊತೆ ಎತ್ತಿ ಹಾಕುತ್ತದೆ. ಹನಿ ಹೆಚ್ಚಾದರೆ ನೀರು ಮಬ್ಬಾಗಿ, ರಾತ್ರಿ ಆಮ್ಲಜನಕ ಕುಸಿದು ಮೀನು ಸಾಯಬಹುದು. ಆದ್ದರಿಂದ ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ವಾರಗಟ್ಟಲೆ ಕಾದು ಏರಿಸಬೇಕು.

6. ಫಾಸ್ಫೇಟ್: ಆಯ್ಕೆಯ ಕೀಲಿ

ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಗುರುತಿಸಿದ, ಈಗ ಅವರ ಹೆಸರಿನಲ್ಲೇ ಇರುವ ಅನುಪಾತದಲ್ಲಿ ಪ್ಲವಕಗಳ 16 ಸಾರಜನಕ ಪರಮಾಣುಗಳಿಗೆ ಒಂದು ರಂಜಕ. ತೂಕಕ್ಕೆ ತಿರುಗಿಸಿದರೆ, 10 ಭಾಗ ನೈಟ್ರೇಟಿಗೆ ಸುಮಾರು ಒಂದು ಭಾಗ ಫಾಸ್ಫೇಟ್. ಲೀಟರಿಗೆ 20 ಮಿ.ಗ್ರಾಂ. ನೈಟ್ರೇಟ್, 0.1 ಮಿ.ಗ್ರಾಂ. ಫಾಸ್ಫೇಟ್ ಇರುವ ತೊಟ್ಟಿಯನ್ನು ನೋಡೋಣ. ಅಲ್ಲಿ ಇಂಗಾಲ ಹನಿಸಿದರೆ, ನೈಟ್ರೇಟ್ ಸುಮಾರು 1 ಮಿ.ಗ್ರಾಂ. ಇಳಿಯುವಷ್ಟರಲ್ಲಿ ನೀರಿನಲ್ಲಿದ್ದ ಫಾಸ್ಫೇಟ್ ಮುಗಿದಿರುತ್ತದೆ. ಉಳಿದ 19 ಅಲ್ಲೇ ಇರುತ್ತದೆ.

ಹವಳಕ್ಕೆ ಇದೇ ಅತ್ಯಂತ ಕೆಟ್ಟ ಸ್ಥಿತಿ. ಬ್ರಿಟನ್ನಿನ ಸೌತಾಂಪ್ಟನ್‌ನ ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ತೊಟ್ಟಿಯ ಪ್ರಯೋಗಗಳಿಂದ ಇದನ್ನು ತೋರಿಸಿದರು. ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ಇಲ್ಲವಾದರೆ, ಹವಳದೊಳಗಿನ ಸಹಜೀವಿ ಪಾಚಿ ರಂಜಕದ ಹಸಿವಿಗೆ ಬೀಳುತ್ತದೆ. ಅದರ ಪೊರೆಯ ಕೊಬ್ಬಿನ ರಚನೆಯೇ ಬದಲಾಗಿ, ಬಿಸಿಲು ಮತ್ತು ಶಾಖಕ್ಕೆ ಹವಳ ಬೇಗ ಬಿಳಿಚಿಕೊಳ್ಳುತ್ತದೆ. ನೈಟ್ರೇಟ್ ಹೆಚ್ಚಿರುವುದಕ್ಕಿಂತ, ಹೆಚ್ಚು ನೈಟ್ರೇಟಿನ ನಡುವೆ ಫಾಸ್ಫೇಟ್ ಇಲ್ಲದಿರುವುದು ಹವಳವನ್ನು ಬೇಗ ಕೊಲ್ಲುತ್ತದೆ.

ಆದ್ದರಿಂದ ಎರಡೂ ಹೆಚ್ಚಿರುವ ತೊಟ್ಟಿಗೆ ಪಾಚಿ ಅಥವಾ ಇಂಗಾಲದ ದಾರಿ. ನೈಟ್ರೇಟ್ ಮಾತ್ರ ಹೆಚ್ಚಿರುವ ತೊಟ್ಟಿಗೆ ಡಿನೈಟ್ರಿಫಿಕೇಶನ್. ಎರಡನೆಯ ಬಗೆಯ ತೊಟ್ಟಿಯಲ್ಲಿ ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳಿದ್ದರೆ ಮೊದಲು ಅವನ್ನು ತೆಗೆಯಬೇಕು.

7. ಅಳತೆಯ ಎಚ್ಚರ

ಈ ತೀರ್ಮಾನವೆಲ್ಲ ನಿಂತಿರುವುದು ಗಾಜಿನ ಕೊಳವೆಯೊಂದರ ಗುಲಾಬಿ ಬಣ್ಣದ ಮೇಲೆ. ಮನೆಯ ಕಿಟ್‌ಗಳಲ್ಲಿ ಲೋಹದ ಪುಡಿ ನೈಟ್ರೇಟನ್ನು ನೈಟ್ರೈಟ್ ಆಗಿ ಇಳಿಸುತ್ತದೆ. ಬಣ್ಣ ಬರುವುದು ಆ ನೈಟ್ರೈಟಿನಿಂದ. ಪುಡಿ ತಳದಲ್ಲೇ ಕುಳಿತರೆ ಬಣ್ಣ ತಿಳಿಯಾಗಿ ಸುಳ್ಳು ನೆಮ್ಮದಿ ಕೊಡುತ್ತದೆ. ಹೇಳಿದಷ್ಟು ಹೊತ್ತು ಕುಲುಕಲೇಬೇಕು. ಹೊಸ ತೊಟ್ಟಿಯಲ್ಲಿ ಮೊದಲೇ ಇರುವ ನೈಟ್ರೈಟ್ ಅಂಕಿಯನ್ನು ಉಬ್ಬಿಸುತ್ತದೆ. ಕೆಲವು ಕಿಟ್‌ಗಳು ಸಾರಜನಕವನ್ನಷ್ಟೇ ತೋರಿಸುತ್ತವೆ, ಅಲ್ಲಿ 2.3 ಎಂದರೆ 10 ಮಿ.ಗ್ರಾಂ. ನೈಟ್ರೇಟ್.

8. ಉಪಸಂಹಾರ

ನಮ್ಮ ದೇಶದಲ್ಲಿ ಈ ಲೆಕ್ಕಕ್ಕೆ ಇನ್ನೂ ಒಂದು ಕಾರಣದಿಂದ ತೂಕವಿದೆ. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಾಗಲೀ ಮನ್ನಾರ್ ಕೊಲ್ಲಿಯಿಂದಾಗಲೀ ಹವಳದ ಚೂರನ್ನೂ ತೆಗೆಯುವಂತಿಲ್ಲ, ತೆಗೆಯಲೂಬಾರದು. ಹಾಗಾಗಿ ಲೀ ಚಿನ್ ಎಂಗ್ ಬಳಸಿದಂಥ ಜೀವಂತ ಕಲ್ಲಿನ ಬದಲು ಒಣ ಕಲ್ಲಿನಿಂದ ಶುರುಮಾಡುವವರು, ಅದರೊಳಗೆ ಸೂಕ್ಷ್ಮಜೀವಿಗಳು ನೆಲೆಯೂರಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ಕಾಲ ಅವರ ಕೈಯಲ್ಲಿರುವುದು ಜಮೆಯ ಮೇಲಿನ ಹಿಡಿತ ಮಾತ್ರ.

ಮೊದಲ ಉಪಕರಣವಾಗಿ ನಾನು ಸೂಚಿಸುವುದು ಅಕ್ಕಸಾಲಿಗರು ಬಳಸುವಂಥ ಪುಟ್ಟ ತಕ್ಕಡಿ ಮತ್ತು ಒಂದು ನೋಟುಬುಕ್ಕು. ಒಂದು ವಾರ ಹಾಕಿದ ಆಹಾರವನ್ನೆಲ್ಲ ತೂಗಿ ಬರೆಯಿರಿ. ವಾರದ ಮೊದಲೂ ಕೊನೆಗೂ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಅಳೆಯಿರಿ. ಆ ಪುಟದಲ್ಲಿ ನಿಮ್ಮ ತೊಟ್ಟಿಗೆ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ, ಯಾವ ದಾರಿ ಬೇಕು ಎಂಬುದು ಕಾಣುತ್ತದೆ. ಹೊಸ ಯಂತ್ರಕ್ಕೆ ದುಡ್ಡು ಹಾಕುವ ಯೋಚನೆ ಅದಾದ ಮೇಲೆ ಬರಲಿ.