ಹಳೆಯ ಹಾರ್ಡ್‌ಡಿಸ್ಕ್‌ಗೆ ಹೊಸ ಕವಚ: ಮನೆಯಲ್ಲೇ ಜೋಡಣೆ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಹರಿದು ಗೋಕಾಕದ ತಗ್ಗು ಪ್ರದೇಶಗಳ ಮನೆ, ಅಂಗಡಿಗಳಿಗೆ ನೀರು ನುಗ್ಗಿತ್ತು. ಹಿಡಕಲ್ ಜಲಾಶಯವಿರುವ ಹುಕ್ಕೇರಿ ತಾಲೂಕು, ಅದರ ಕೆಳಗಿನ ಗೋಕಾಕ ಮತ್ತು ಗೋಕಾಕದಿಂದ ಬೇರ್ಪಟ್ಟ ಮೂಡಲಗಿ ತಾಲೂಕು, ಈ ಮೂರೂ ಇದೇ ನದಿಯ ದಾರಿಯಲ್ಲಿವೆ. ನೆಲಮಟ್ಟದಲ್ಲಿಟ್ಟ ಗಣಕಯಂತ್ರದಲ್ಲಿ ಮಾತ್ರ ಇರುವ ಲೆಕ್ಕಪತ್ರ, ಜಮೀನು ದಾಖಲೆಗಳ ಪ್ರತಿ ಹಾಗೂ ಮದುವೆಯ ಛಾಯಾಚಿತ್ರಗಳು ಇಂಥ ಹೊತ್ತಿನಲ್ಲಿ ಶಾಶ್ವತವಾಗಿ ಕಳೆದುಹೋಗಬಹುದು. ಹಳೆಯ ಗಣಕದ ಹಾರ್ಡ್‌ಡಿಸ್ಕನ್ನು ಹೊರಕವಚದಲ್ಲಿ ಜೋಡಿಸಿ ಎರಡನೆಯ ಪ್ರತಿ ಇರಿಸಿಕೊಳ್ಳುವುದು ಕಡಿಮೆ ಖರ್ಚಿನ ಉಪಾಯವಾಗಿದೆ.

ಆಯ್ಕೆ ಹೇಗೆ?

ಲ್ಯಾಪ್‌ಟಾಪ್‌ನ ಡಿಸ್ಕ್ ಸಾಮಾನ್ಯವಾಗಿ 2.5 ಇಂಚಿನದು, ಯುಎಸ್‌ಬಿಯ 5 ವೋಲ್ಟ್ ವಿದ್ಯುತ್ತೇ ಅದಕ್ಕೆ ಸಾಕು. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಕೂಡ ಬೇಕಾಗುವುದರಿಂದ ಪ್ರತ್ಯೇಕ ಅಡಾಪ್ಟರ್ ಇರುವ ಕವಚವನ್ನೇ ಕೊಳ್ಳಬೇಕು. ಡಿಸ್ಕ್ ಸಾಟಾ ಮಾದರಿಯದೋ, ಹಳೆಯ ಐಡಿಇ ಮಾದರಿಯದೋ ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಅವಶ್ಯ. ಯುಎಸ್‌ಬಿ 2.0 ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0 ಆದರೆ 5 ಗಿಗಾಬಿಟ್. ಟಕಟಕ ಸದ್ದು ಮಾಡುವ ಡಿಸ್ಕನ್ನು ದಾಖಲೆ ಇಡಲು ಬಳಸಲೇಬಾರದು.

ಜೋಡಣೆ

ಗಣಕದ ವಿದ್ಯುತ್ ಸಂಪರ್ಕ ತೆಗೆದು, ಬ್ಯಾಟರಿ ಕಳಚಿ, ಸ್ಥಿರ ವಿದ್ಯುತ್ ನಿವಾರಣೆಗೆ ಅರ್ಥಿಂಗ್ ಇರುವ ಲೋಹವನ್ನು ಮುಟ್ಟಿದ ಬಳಿಕ ಡಿಸ್ಕನ್ನು ಹೊರತೆಗೆಯಬೇಕು. ಅದನ್ನು ಕವಚದ ಸರ್ಕ್ಯೂಟ್ ಬೋರ್ಡಿನ ಕನೆಕ್ಟರ್‌ಗೆ ನೇರವಾಗಿ, ಬಲ ಹಾಕದೆ ಸೇರಿಸಿ ಸ್ಕ್ರೂ ಬಿಗಿಯಬೇಕು. ಡಿಸ್ಕಿನ ಸಣ್ಣ ಗಾಳಿರಂಧ್ರವನ್ನು ಮುಚ್ಚಕೂಡದು.

ಬೋರ್ಡನ್ನು ಮಾತ್ರ ಕೊಂಡು ಪೆಟ್ಟಿಗೆಯನ್ನು ತಾವೇ ತಯಾರಿಸುವವರಿಗೆ ಅಲ್ಯೂಮಿನಿಯಂ ಉತ್ತಮ. ಅದು ಶಾಖವನ್ನು ಬೇಗ ಹೊರಹಾಕುತ್ತದೆ. ಆದರೆ ಬೋರ್ಡಿನ ತಳ ಲೋಹಕ್ಕೆ ತಾಗದಂತೆ ಅವಾಹಕ ಹಾಳೆ ಇಡಬೇಕು. ಗೋಕಾಕದ ಗೊಂಬೆಗಳಿಗೆ ಬಳಸುವಂಥ ಹಗುರ ಮರದಲ್ಲಿಯೂ ಪೆಟ್ಟಿಗೆ ಮಾಡಬಹುದು. ಮರ ಶಾಖವನ್ನು ತಡೆಹಿಡಿಯುವುದರಿಂದ ಎರಡೂ ಬದಿಗೆ ಗಾಳಿಕಿಂಡಿ ಅಗತ್ಯ.

ಫಾರ್ಮ್ಯಾಟ್ ಎಚ್ಚರಿಕೆ

ಡಿಸ್ಕಿನಲ್ಲಿ ಹಳೆಯ ಕಡತಗಳಿದ್ದರೆ, ಗಣಕ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದಾಗ ಒಪ್ಪಬಾರದು. ಹೊಸದಾಗಿ ಬಳಸುವುದಾದರೆ ವಿಂಡೋಸ್‌ಗೆ ಎನ್‌ಟಿಎಫ್‌ಎಸ್, ಬೇರೆ ಬೇರೆ ಗಣಕಗಳಲ್ಲಿ ಬಳಸಲು ಎಕ್ಸ್‌ಫ್ಯಾಟ್ ಸೂಕ್ತ. ಫ್ಯಾಟ್32ರಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಕಡತ ಹಿಡಿಸದು.

ಎಲ್ಲಿಡಬೇಕು?

ಕವಚ ಧೂಳನ್ನು ತಡೆದೀತು, ನೀರನ್ನಲ್ಲ. ಎರಡೂ ಪ್ರತಿಗಳು ಒಂದೇ ಮನೆಯಲ್ಲಿದ್ದರೆ ಪ್ರವಾಹಕ್ಕೆ ಎರಡೂ ತುತ್ತಾಗುತ್ತವೆ. ಆದ್ದರಿಂದ ಪ್ರತಿ ತೆಗೆದು, ಕಡತಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಿ, ಮಳೆಗಾಲಕ್ಕೆ ಮೊದಲೇ ಡಿಸ್ಕನ್ನು ನದಿತೀರದಿಂದ ದೂರದ ಊರಿನ ಬಂಧುಗಳ ಮನೆಯಲ್ಲಿ ಇರಿಸುವುದು ಲೇಸು. ನೀರಿನಲ್ಲಿ ಮುಳುಗಿದ ಡಿಸ್ಕಿಗೆ ವಿದ್ಯುತ್ ಹರಿಸದೆ ತಜ್ಞರಿಗೇ ಒಪ್ಪಿಸಬೇಕು. ಆನ್ ಮಾಡಿ ನೋಡಿದರೆ ಉಳಿದಿರುವ ಮಾಹಿತಿಯೂ ಕೈತಪ್ಪಬಹುದು.