ಗೇಣೆತ್ತರದ ಚಳಿ: ಮಂಜಿನ ಹಿಂದಿನ ಒಂದು ಸಂಶೋಧನೆಯ ಕಥೆ

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಳಗಿನ ಜಾವ ದೇವನಹಳ್ಳಿ, ಕುಂದಾಣ, ದೊಡ್ಡಬಳ್ಳಾಪುರದ ಕಡೆ ಹೋದವರಿಗೆ ಮಂಜಿನ ಪರಿಚಯ ಇದ್ದೇ ಇರುತ್ತದೆ. ರಾಗಿ ಕೊಯ್ಲಾದ ಹೊಲ, ಅವರೆ ಸಾಲು, ದ್ರಾಕ್ಷಿ ಚಪ್ಪರ ಎಲ್ಲವೂ ಬಿಳಿಯ ಹೊದಿಕೆಯೊಳಗೆ ಅಡಗಿರುತ್ತವೆ. ಇದನ್ನು ಕಂಡು ನಾವು ‘ಮಂಜು ಬೀಳುತ್ತಿದೆ’ ಎನ್ನುತ್ತೇವೆ. ಕಾಶ್ಮೀರದಲ್ಲಿ ಹತ್ತಿಯಂತೆ ಉದುರುವುದನ್ನೂ ಮಂಜು ಎಂದೇ ಕರೆಯುತ್ತೇವೆ. ಆದ್ದರಿಂದ ತರಗತಿಯಲ್ಲಿ ಯಾರಾದರೂ ‘ಸಾರ್, ನಮ್ಮೂರ ಮಂಜು ಯಾಕೆ ಗಟ್ಟಿಯಾಗುವುದಿಲ್ಲ?’ ಎಂದು ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ.

ಹಿಮ ನಿಜಕ್ಕೂ ಬೀಳುತ್ತದೆ. ಅದು ಮೋಡದಲ್ಲಿ ಹರಳಾಗಿ ರೂಪುಗೊಂಡು ಕೆಳಗಿಳಿಯುತ್ತದೆ. ನಮ್ಮ ಭಾಗದಲ್ಲಿ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುವುದು ನೆಲದಿಂದ ಸುಮಾರು 4-5 ಕಿ.ಮೀ. ಮೇಲೆ. ಅಲ್ಲಿ ಹುಟ್ಟಿದ ಹರಳು ದಾರಿಯಲ್ಲೇ ಕರಗಿ ಮಳೆಹನಿಯಾಗುತ್ತದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8° ಸೆ.; ಅದು 1884ರ ಜನವರಿ 13ರಂದು. ಹಿಮಕ್ಕೆ ಬೇಕಾದ ಚಳಿ ಇಲ್ಲಿ ಎಂದೂ ಬಂದಿಲ್ಲ.

ಹೊಲದ ಮಂಜಾದರೋ ಬೀಳುವುದಿಲ್ಲ, ಇದ್ದಲ್ಲೇ ಹುಟ್ಟುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲವು ಹಗಲಿನಲ್ಲಿ ಪಡೆದ ಶಾಖವನ್ನು ಅವಕೆಂಪು ವಿಕಿರಣವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ಹತ್ತಿದ ಗಾಳಿ ತಣ್ಣಗಾಗಿ ಇಬ್ಬನಿ ಬಿಂದುವನ್ನು ಮುಟ್ಟಿದಾಗ, ಅದರಲ್ಲಿನ ನೀರಾವಿ ಧೂಳಿನಂಥ ಸೂಕ್ಷ್ಮ ಕಣಗಳ ಮೇಲೆ ಸಾಂದ್ರೀಕರಿಸುತ್ತದೆ. ಹೀಗೆ ಉಂಟಾಗುವ ಹನಿಯ ಅಡ್ಡಳತೆ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ದೃಗ್ಗೋಚರತೆ 1000 ಮೀಟರಿಗಿಂತ ಕಡಿಮೆಯಾದಾಗ ಹವಾಮಾನ ಶಾಸ್ತ್ರ ಅದನ್ನು ಮಂಜು ಎನ್ನುತ್ತದೆ. ಇದು ವಿಕಿರಣ ಮಂಜು. ಹತ್ತಿರದ ನಂದಿಬೆಟ್ಟದ ಮೇಲೆ ಪ್ರವಾಸಿಗರು ನೋಡುವುದು ಹಲವು ಬಾರಿ ಬೆಟ್ಟಕ್ಕೆ ತಾಗಿದ ಮೋಡ. ಎರಡೂ ನೀರಿನ ಹನಿಗಳೇ ಆದರೂ ಹುಟ್ಟಿನ ಬಗೆ ಬೇರೆ.

ಈಗ ನಿಮಗೊಂದು ಪ್ರಶ್ನೆ. ಇಂಥ ರಾತ್ರಿಯಲ್ಲಿ ಅತಿ ಹೆಚ್ಚು ತಣ್ಣಗಿರುವುದು ಯಾವುದು? ‘ನೆಲ’ ಎಂದು ನೀವು ಹೇಳಬಹುದು. ಶಾಖ ಕಳೆದುಕೊಳ್ಳುತ್ತಿರುವುದು ನೆಲವೇ ತಾನೆ? ಮೇಲೆ ಹೋದಂತೆ ಗಾಳಿ ಬೆಚ್ಚಗಾಗಬೇಕು. ಪಠ್ಯಪುಸ್ತಕಗಳು ಹೇಳುವುದೂ ಇದನ್ನೇ. 1932ರವರೆಗೆ ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು.

ಆ ವರ್ಷ ಭಾರತೀಯ ಹವಾಮಾನ ಇಲಾಖೆಯ ಎಲ್.ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಒಂದು ವಿಚಿತ್ರ ಅಳತೆಯನ್ನು ಪ್ರಕಟಿಸಿದರು. ರಾಮದಾಸ್ (1900-1979) ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದವರು. ಭಾರತದಲ್ಲಿ ಕೃಷಿ ಹವಾಮಾನ ಶಾಸ್ತ್ರಕ್ಕೆ ತಳಹದಿ ಹಾಕಿದವರು. ಬೆಳೆ ನಿಂತಿರುವ ಎತ್ತರದಲ್ಲಿ ಗಾಳಿ ಹೇಗಿರುತ್ತದೆ ಎಂಬುದು ಅವರ ಕುತೂಹಲವಾಗಿತ್ತು. ಶುಭ್ರ, ನಿಶ್ಚಲ ರಾತ್ರಿಗಳಲ್ಲಿ ಅತಿ ಕಡಿಮೆ ಉಷ್ಣತೆ ಬರಿ ನೆಲದ ಮೇಲಲ್ಲ, ಅದಕ್ಕಿಂತ ಒಂದು ಗೇಣು, ಎರಡು ಗೇಣು ಎತ್ತರದಲ್ಲಿ ಇರುವುದು ಅವರಿಗೆ ಕಂಡಿತು. ಅಲ್ಲಿನ ಗಾಳಿ ನೆಲಕ್ಕಿಂತ ಕೆಲವು ಡಿಗ್ರಿಗಳಷ್ಟು ತಂಪಾಗಿರುವುದೂ ಉಂಟು. ಇದೇ ಇಂದಿನ ‘ರಾಮದಾಸ್ ಪದರ’.

ಜಗತ್ತು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಆಕ್ಷೇಪಣೆಗೆ ಕಾರಣವೂ ಇತ್ತು. ತಣ್ಣನೆಯ ಗಾಳಿ ಭಾರ, ಬೆಚ್ಚನೆಯದು ಹಗುರ. ಭಾರವಾದದ್ದು ಮೇಲೆ, ಹಗುರವಾದದ್ದು ಕೆಳಗೆ ಇದ್ದರೆ ಎರಡೂ ಮಗುಚಿ ಬೆರೆತುಹೋಗಬೇಕಲ್ಲವೆ? ಆದ್ದರಿಂದ ಇದು ಉಪಕರಣದ ದೋಷವಿರಬೇಕು ಎಂದು ಹಲವರು ಭಾವಿಸಿದರು. ಮುಂದೆ 1957ರಲ್ಲಿ ಜರ್ಮನಿಯ ಕೆ. ರಾಶ್ಕೆ ಪುಣೆಯಲ್ಲಿ ಎಚ್ಚರಿಕೆಯಿಂದ ಮಾಡಿದ ಅಳತೆಗಳನ್ನು ಪ್ರಕಟಿಸಿದ ಮೇಲೆ ಅನುಮಾನ ಕರಗಿತು. ಅಳತೆ ಸರಿಯಾಗಿಯೇ ಇತ್ತು. ವಿವರಣೆ ಮಾತ್ರ ಇರಲಿಲ್ಲ.

ವಿವರಣೆಯ ಹುಡುಕಾಟ ನಡೆದದ್ದು ಬಹುಮಟ್ಟಿಗೆ ನಮ್ಮ ಬೆಂಗಳೂರಿನಲ್ಲಿ. 1993ರಲ್ಲಿ ಎ.ಎಸ್. ವಾಸುದೇವಮೂರ್ತಿ, ಜೆ. ಶ್ರೀನಿವಾಸನ್ ಮತ್ತು ರೊದ್ದಂ ನರಸಿಂಹ ಒಂದು ಸಿದ್ಧಾಂತವನ್ನು ಮುಂದಿಟ್ಟರು. (ನರಸಿಂಹ ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಬರೆದವರು.) ಗಾಳಿಯಲ್ಲಿನ ನೀರಾವಿ ಹೊರಸೂಸುವ ವಿಕಿರಣ ಮತ್ತು ನೆಲದ ವಿಕಿರಣ ಸಾಮರ್ಥ್ಯಗಳಲ್ಲಿ ಅವರು ಕಾರಣವನ್ನು ಹುಡುಕಿದರು. ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ.ಆರ್. ಶ್ರೀನಿವಾಸ್ ಮತ್ತು ಸಂಗಡಿಗರು ಆ ಲೆಕ್ಕಾಚಾರದ ಊನವನ್ನು ತೋರಿಸಿದರು. 2010ರಲ್ಲಿ ಪ್ರಕಟವಾದ ಅವರ ಪ್ರಯೋಗಗಳು ಇನ್ನೊಂದು ಕಾರಣದತ್ತ ಬೆರಳು ಮಾಡಿದವು: ಗಾಳಿಯಲ್ಲಿ ತೇಲುವ ಏರೋಸಾಲ್ ಕಣಗಳು. ಈ ಕಣಗಳೂ ಶಾಖವನ್ನು ನೇರವಾಗಿ ಆಕಾಶಕ್ಕೆ ಸೂಸುತ್ತವೆ. ನೆಲದ ಬಳಿ ಇವು ದಟ್ಟವಾಗಿರುವುದರಿಂದ ಅಲ್ಲಿನ ಗಾಳಿ ನೆಲಕ್ಕಿಂತ ಬೇಗ ತಣಿಯುತ್ತದೆ. ನೆಲಕ್ಕಾದರೆ ಆಳದ ಮಣ್ಣಿನಿಂದ ಸ್ವಲ್ಪ ಶಾಖ ಬರುತ್ತಲೇ ಇರುತ್ತದೆ. ಅಂದರೆ ಯಾವ ಕಣಗಳ ಮೇಲೆ ಮಂಜಿನ ಹನಿ ಕೂರುತ್ತದೋ ಅಂಥ ಕಣಗಳೇ ಮಂಜಿಗೆ ಬೇಕಾದ ತಂಪನ್ನೂ ಒದಗಿಸುತ್ತಿರಬಹುದು!

ಇದರಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ದೇವನಹಳ್ಳಿಯ ಬಯಲಿಗೆ ಬಂತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲು ಮಂಜಿನ ತವರು. ಚಳಿಗಾಲದ ಮುಂಜಾನೆ ವಿಮಾನಗಳು ತಡವಾಗುವುದು, ಬೇರೆ ಊರಿಗೆ ತಿರುಗುವುದು ವಾಡಿಕೆಯಾಯಿತು. ಆಗ ವಿಮಾನ ಇಳಿಯಲು ಓಡುದಾರಿಯಲ್ಲಿ 550 ಮೀಟರ್ ದೃಗ್ಗೋಚರತೆ ಬೇಕಿತ್ತು. 2019ರ ಡಿಸೆಂಬರ್‌ನಲ್ಲಿ ಎರಡನೆಯ ಓಡುದಾರಿ ಬಂತು. 2020ರ ಕೊನೆಯ ಹೊತ್ತಿಗೆ ಅದರಲ್ಲಿ 50 ಮೀಟರ್ ಕಾಣಿಸಿದರೂ ಇಳಿಯಬಲ್ಲ ವ್ಯವಸ್ಥೆ ಸಿದ್ಧವಾಯಿತು. ಆದರೆ ಮಂಜು ಯಾವಾಗ ಕವಿಯುತ್ತದೆ ಎಂದು ಮೊದಲೇ ತಿಳಿಯುವುದು ಬೇರೆ ಮಾತು. ಅದಕ್ಕೆ ನೆಲದ ಮೇಲಿನ ಮೊದಲ ಒಂದು ಮೀಟರಿನ ಗಾಳಿಯನ್ನು ಅರಿಯಬೇಕು. ಹಾಗಾಗಿ ಜಕ್ಕೂರಿನ ಸಂಶೋಧಕರು ವಿಮಾನ ನಿಲ್ದಾಣದ ಆವರಣದಲ್ಲೇ ಉಪಕರಣಗಳನ್ನು ನೆಟ್ಟು ಅಳೆದರು. ರೈತರಿಗೂ ಇದು ಬೇಕು. ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂಬುದರ ಮೇಲೆ ದ್ರಾಕ್ಷಿಯ ಬೂಜು ರೋಗದ ಹಾವಳಿ ನಿಂತಿದೆ.

ಈ ಅಳತೆಯನ್ನು ನಿಮ್ಮ ಶಾಲೆಯ ಮೈದಾನದಲ್ಲೂ ಪ್ರಯತ್ನಿಸಬಹುದು. ಹುಲ್ಲಿಲ್ಲದ ಬರಿ ನೆಲದಲ್ಲಿ ಒಂದು ಕೋಲು ನೆಡಿ. ನೆಲದ ಮೇಲೆ ಹಾಗೂ 10, 20, 30, 50, 100 ಸೆಂ.ಮೀ. ಎತ್ತರಗಳಲ್ಲಿ ಉಷ್ಣಮಾಪಕಗಳನ್ನು ಕಟ್ಟಿ. ಅದಕ್ಕೆ ಮೊದಲು ಅವನ್ನೆಲ್ಲ ಒಂದೇ ಪಾತ್ರೆಯ ನೀರಿನಲ್ಲಿಟ್ಟು, ಒಂದಕ್ಕೊಂದು ಎಷ್ಟು ವ್ಯತ್ಯಾಸ ತೋರಿಸುತ್ತವೆ ಎಂದು ಬರೆದುಕೊಳ್ಳಿ. ಮೋಡ, ಗಾಳಿ ಇಲ್ಲದ ರಾತ್ರಿಯನ್ನು ಆರಿಸಿ, ಸೂರ್ಯ ಹುಟ್ಟುವ ಮುನ್ನ ಉಸಿರು ತಾಗದಂತೆ ಬೇಗ ಓದಿ. ಉಷ್ಣಮಾಪಕದ ಬುರುಡೆಯೂ ವಿಕಿರಣ ಸೂಸಿ ತಣಿಯುತ್ತದೆ ಎಂಬುದು ನೆನಪಿರಲಿ. ರಾಮದಾಸರ ಮೇಲೆ ಬಂದ ಅನುಮಾನ ಇಂಥದ್ದೇ. ತೆಳುವಾದ ತಂತಿಯ ಸಂವೇದಕ ಸಿಕ್ಕರೆ ಒಳ್ಳೆಯದು.

ಒಂದು ವೇಳೆ ವಿದ್ಯಾರ್ಥಿಯೊಬ್ಬರ ಪಟ್ಟಿಯಲ್ಲಿ ನೆಲಕ್ಕಿಂತ ಒಂದು ಗೇಣು ಮೇಲೆ ಚಳಿ ಹೆಚ್ಚೆಂದು ಬಂದರೆ, ಪುಸ್ತಕದಲ್ಲಿ ಹಾಗಿಲ್ಲವೆಂದು ಅಳಿಸಿ ‘ಸರಿ’ ಮಾಡಿಸಬೇಡಿ. ಮರುದಿನ ಮತ್ತೊಮ್ಮೆ ಅಳೆಯಲು ಹೇಳಿ. ರಾಮದಾಸರ ಅಳತೆ ಉಳಿದು ಬಂದದ್ದು ಅವರು ಅದನ್ನು ತಿದ್ದದೆ ಪ್ರಕಟಿಸಿದ್ದರಿಂದ.